ಕೆಂಪು ಚೀಟಿಯ ಡಬ್ಬಗಳು

ಫೆಬ್ರವರಿ 8, ಬೆಳಿಗ್ಗೆ 7

ಗೋದಾಮಿನಲ್ಲಿ ಇಪ್ಪತ್ತೆಂಟು ಡಿಗ್ರಿ. ಸೊಸೆ ಕೊಟ್ಟ ಹಾಳೆಯಲ್ಲಿ ಬರೆದಾಯಿತು. ಅಲ್ಲಿ ಅಂಕಿ ಮಾತ್ರ ಬರೆಯಬೇಕಂತೆ. ಮೊನ್ನೆ ಪಕ್ಕದಲ್ಲಿ "ಸ್ವಲ್ಪ ಸೆಕೆ" ಎಂದು ಸೇರಿಸಿದ್ದಕ್ಕೆ ನಕ್ಕುಬಿಟ್ಟಳು. "ಮಾವ, ಸೆಕೆ ಆಗೋದು ನಿಮಗೆ. ಥರ್ಮಾಮೀಟರಿಗೆ ಆಗಲ್ಲ." ಸರಿಯಮ್ಮ. ಸೆಕೆಯನ್ನು ಇಲ್ಲಿ ಬರೆದುಕೊಳ್ಳುತ್ತೇನೆ.

ಇಪ್ಪತ್ನಾಲ್ಕು ಡಬ್ಬ, ಮೂರು ಹಲಗೆ. ಒಂದೊಂದರಲ್ಲಿ ಒಂದು ಕೆ.ಜಿ. ಅಲಸಂದೆ. ಬಾಯಿಗೆ ತೆಳು ಬಟ್ಟೆ, ರಬ್ಬರ್ ಬ್ಯಾಂಡು. ಹಸಿರು ಚೀಟಿ ಅಂಟಿಸಿದ ಎಂಟಕ್ಕೆ ಬಜೆ ಬೇರಿನ ಪುಡಿ ಬೆರೆಸಿದ್ದು. ಹಳದಿ ಎಂಟಕ್ಕೆ ಬೇವಿನೆಣ್ಣೆ ಸವರಿದ್ದು. ಕೆಂಪು ಎಂಟಕ್ಕೆ ಏನೂ ಇಲ್ಲ, ಬರೀ ಕಾಳು. ಎಲ್ಲದರೊಳಗೂ ಜನವರಿ ಇಪ್ಪತ್ತನೇ ತಾರೀಕು ಅವಳೇ ಕೈಯಾರೆ ಇಪ್ಪತ್ತಿಪ್ಪತ್ತು ನುಸಿ ಹುಳ ಬಿಟ್ಟಳು. ಒಂದೊಂದನ್ನೂ ಕುಂಚದ ತುದಿಯಲ್ಲಿ ಎತ್ತಿ, ಮಗುವನ್ನು ತೊಟ್ಟಿಲಿಗೆ ಹಾಕುವ ಹಾಗೆ. ಮೂವತ್ತೆಂಟು ವರ್ಷ ದಿನಸಿ ಅಂಗಡಿ ನಡೆಸಿದವನ ಗೋದಾಮಿನಲ್ಲಿ! ನೋಡುತ್ತ ನಿಂತಿದ್ದೆ. ಮೈಯೆಲ್ಲ ಮುಳ್ಳು.

ತಪ್ಪು ಅವಳದಲ್ಲ. ಅವಳ ಸಂಶೋಧನಾ ಕೇಂದ್ರದಲ್ಲಿ ಚಾವಣಿ ರಿಪೇರಿ, ಡಬ್ಬ ಇಡಲು ಜಾಗವಿಲ್ಲ. ಅಂಗಡಿ ಮುಚ್ಚಿ ಎರಡು ವರ್ಷ, ಗೋದಾಮು ಖಾಲಿ ಬಿದ್ದಿದೆ ತಗೋ ಎಂದವನು ನಾನೇ. ಕಾಳಿನ ಚೀಲದಲ್ಲಿ ಬಜೆ ಇಟ್ಟರೆ ನುಸಿ ಹತ್ತಿರ ಸುಳಿಯುವುದಿಲ್ಲ ಎಂದು ಅವಳಿಗೆ ಹೇಳಿದವನೂ ನಾನೇ. ಈಗ ಅದಕ್ಕೇ ಮೂರು ತಿಂಗಳ ಪರೀಕ್ಷೆ. ಗೊತ್ತಿರುವುದಕ್ಕೆ ಪರೀಕ್ಷೆ ಏಕೋ.

ಫೆಬ್ರವರಿ 11, ಸಂಜೆ

ಇಪ್ಪತ್ತೊಂಬತ್ತು.

ಸೊಸೆ ಬೇಗ ಬಂದಳು. ಮುಖ ಸಪ್ಪಗಿತ್ತು. ಅವಳ ಡೈರೆಕ್ಟರ್ ಸಾಹೇಬರಿಗೆ ಬೇರು, ಎಣ್ಣೆ ಯಾವುದರಲ್ಲೂ ನಂಬಿಕೆ ಇಲ್ಲವಂತೆ. ಉಗ್ರಾಣಕ್ಕೆ ವಿಷದ ಮಾತ್ರೆ ಇಟ್ಟು ಬಾಗಿಲು ಮುಚ್ಚಿದರೆ ಮುಗಿಯಿತು, ಇದೆಲ್ಲ ಅಜ್ಜಿ ಮದ್ದು ಎನ್ನುತ್ತಾರಂತೆ. ಅವಳದು ಕಾಂಟ್ರ್ಯಾಕ್ಟ್ ಕೆಲಸ, ಜೂನ್ ಕೊನೆಗೆ ಮುಗಿಯುತ್ತದೆ. ಈ ಡಬ್ಬಗಳ ಫಲಿತಾಂಶ ನೋಡಿ ಮುಂದುವರಿಸುವುದೋ ಮನೆಗೆ ಕಳಿಸುವುದೋ ತೀರ್ಮಾನ ಮಾಡುತ್ತಾರಂತೆ.

"ಮತ್ತೆ ಚಿಂತೆ ಯಾಕಮ್ಮ? ಬಜೆ ಗೆಲ್ಲತ್ತೆ," ಎಂದೆ.

"ಗೆಲ್ಲತ್ತೆ ಅಂತ ನಿಮಗೆ ಗೊತ್ತು ಮಾವ. ಅದನ್ನ ತೋರಿಸ್ಬೇಕಲ್ಲ."

"ನನ್ನ ಹಳೇ ಗಿರಾಕಿಗಳನ್ನೆಲ್ಲ ಕರ್ಕೊಂಡ್ ಬಂದು ನಿಮ್ಮ ಸಾಹೇಬ್ರ ಮುಂದೆ ನಿಲ್ಲಿಸ್ತೀನಿ. ಒಬ್ರು ಹೇಳ್ಲಿ, ನನ್ನ ಅಂಗಡೀಲಿ ಹುಳ ಕಂಡೆ ಅಂತ."

ನಕ್ಕಳು. ಅಷ್ಟಾದರೂ ಆಯಿತು. ಏಳುವಾಗ ಮತ್ತೆ ಅದೇ ಮಾತು, "ಕೆಂಪು ಚೀಟಿದನ್ನ ಮಾತ್ರ ಮುಟ್ಬೇಡಿ ಮಾವ. ಏನೇ ಆಗ್ಲಿ." ಎಷ್ಟನೇ ಸಲವೋ. ನಾನೇನು ಚಿಕ್ಕ ಮಗುವೇ?

ಫೆಬ್ರವರಿ 18, ಬೆಳಿಗ್ಗೆ

ಬಂದವು. ಕೆಂಪು ಎರಡನೇ ಡಬ್ಬದ ಬಟ್ಟೆಯ ಒಳಗೆ ಐದಾರು ಹರಿದಾಡುತ್ತಿವೆ. ಕೆಂಪು ಏಳರಲ್ಲಿ ಇನ್ನೂ ಹೆಚ್ಚು. ಕಾಳಿನಲ್ಲಿ ಬೈರಿಗೆ ಇಟ್ಟು ಕೊರೆದಷ್ಟು ದುಂಡನೆಯ ತೂತು. ತಿಂಗಳ ಹಿಂದೆ ಬಿಟ್ಟ ಹುಳಗಳ ಮಕ್ಕಳು ಇವು. ಹೊರಗೆ ಬಂದದ್ದೇ ತಡ, ಮತ್ತೆ ಮೊಟ್ಟೆ ಇಡಲು ಶುರು. ಪಕ್ಕದ ಕಾಳಿಗೆ ಬಿಳಿ ಚುಕ್ಕೆ ಅಂಟಿಸಿಬಿಟ್ಟಿವೆ.

ಹಸಿರು ಹಲಗೆ ನೋಡಿದೆ. ಕಾಳು ಮಿರಮಿರ. ಮೊದಲು ಬಿಟ್ಟ ಹುಳಗಳು ಸತ್ತು ಬಿದ್ದಿವೆ, ಹೊಸದು ಒಂದೂ ಇಲ್ಲ. ಎದೆ ಉಬ್ಬಿತು. ಹೆಂಡತಿಯನ್ನು ಕರೆದು ತೋರಿಸಿದೆ. "ಗೊತ್ತಿರೋದೇ ತಾನೆ," ಎಂದು ಹೇಳಿ ಒಲೆ ಕಡೆ ಹೋದಳು. ಈ ಮನೆಯಲ್ಲಿ ಹೊಗಳಿಕೆಗೂ ಬರ.

ಆದರೆ ಕೆಂಪು... ಎಂಟು ಕೆ.ಜಿ. ಒಳ್ಳೆಯ ಕಾಳು. ಹೊರಗಿನಿಂದಲೂ ಅಲ್ಲ, ಒಳಗಿನಿಂದ ತಿನ್ನುತ್ತಿವೆ. ಹೊಟ್ಟೆ ಉರಿಯುತ್ತದೆ.

ಫೆಬ್ರವರಿ 20

ಅವಮಾನ.

ಮುಂದಿನ ಅಂಗಡಿ ಭಾಗವನ್ನು ಟೈಲರಿಗೆ ಬಾಡಿಗೆಗೆ ಕೊಟ್ಟಿದ್ದೇನಲ್ಲ. ಬೆಳಿಗ್ಗೆ ಪೇಪರ್ ಓದುತ್ತ ಅವನ ಬಳಿ ಕೂತಿದ್ದೆ. ಬ್ಲೌಸ್ ಅಳತೆಗೆ ಇಬ್ಬರು ಹೆಂಗಸರು ಬಂದಿದ್ದರು, ಇಬ್ಬರೂ ನನ್ನ ಹಳೆಯ ಗಿರಾಕಿಗಳು. ಇವನು ಬಿಳಿ ಬಟ್ಟೆ ಹರಡಿದ. ಅದರ ಮೇಲೆ ಒಂದು ನುಸಿ ಹುಳ. ಆರಾಮಾಗಿ ನಡೆದುಕೊಂಡು ಹೋಗುತ್ತಿದೆ, ಸಂಜೆ ಗಾಳಿ ಸೇವನೆಗೆ ಹೊರಟ ಹಾಗೆ.

"ಯಜಮಾನ್ರೇ, ನಿಮ್ ಗೋದಾಮಿಂದು ಅನ್ಸತ್ತೆ," ಎಂದು ಚಿಟಿಕೆಯಲ್ಲಿ ಹಿಡಿದು ನನ್ನ ಮುಂದೆ ಇಟ್ಟ. ಕೊಡಬೇಕಾದ ಚಿಲ್ಲರೆ ಕೊಟ್ಟ ಹಾಗೆ.

ಹೆಂಗಸರಲ್ಲಿ ಒಬ್ಬಳು ನಕ್ಕಳು. ಕೆಟ್ಟ ನಗು ಅಲ್ಲ, ನಿಜ. "ಅಯ್ಯೋ, ನಿಮ್ಮನೇಲೂ ಹುಳವಾ?" ಎಂದಳು. ಸೊಸೆಯ ಪ್ರಯೋಗ, ಬೇಕೆಂದೇ ಬಿಟ್ಟದ್ದು ಎಂದು ಹೇಳಬಹುದಿತ್ತು. ಯಾರು ನಂಬುತ್ತಾರೆ, ಬೇಕೆಂದೇ ಹುಳ ಸಾಕುತ್ತೇವೆ ಅಂದರೆ? ಎದ್ದು ಒಳಗೆ ಬಂದೆ. ಮಧ್ಯಾಹ್ನ ಊಟ ಸೇರಲಿಲ್ಲ.

ಫೆಬ್ರವರಿ 22, ಸಂಜೆ 6

ಸೊಸೆ ನಿನ್ನೆಯಿಂದ ಪಕ್ಕದ ಊರಿಗೆ ತರಬೇತಿಗೆಂದು ಹೋಗಿದ್ದಾಳೆ, ನಾಳೆ ಬರುತ್ತಾಳೆ. ಮಗ ಕರೆಂಟ್ ಲೈನ್ ಕೆಲಸಕ್ಕೆ ಹೋಗಿದ್ದ. ಹೆಂಡತಿ ಅವಳ ತಂಗಿ ಮನೆಗೆ.

ಮಾಡಿಬಿಟ್ಟೆ.

ಒಂಬತ್ತು ಗಂಟೆಗೆ ಎಂಟೂ ಕೆಂಪು ಡಬ್ಬ ತಾರಸಿಗೆ ಹೊತ್ತೆ. ತಗಡಿನ ಶೀಟ್ ಮೇಲೆ ಬೇರೆ ಬೇರೆ ರಾಶಿ ಹಾಕಿ ಬಿಸಿಲಿಗೆ ಹರಡಿದೆ. ಗಳಿಗೆಗೊಮ್ಮೆ ಕೈಯಾಡಿಸಿದೆ. ತಗಡು ಮುಟ್ಟಿದರೆ ಬೊಬ್ಬೆ ಏಳಬೇಕು, ಅಷ್ಟು ಕಾದಿತ್ತು. ಒಳಗಿನ ಹುಳಕ್ಕೆ ಅದೇ ಮದ್ದು. ನಾಲ್ಕು ಗಂಟೆಗೆ ಮೊರ ತಂದೆ. ಕೇರಿದೆ, ಹುಳ ಹಾರಿಸಿದೆ, ತೂತು ಬಿದ್ದ ಕಾಳು ಒಂದೊಂದಾಗಿ ಆರಿಸಿ ತೆಗೆದೆ. ತೂಕ ಕಡಿಮೆ ಬಿದ್ದಷ್ಟಕ್ಕೆ ಅವಳು ಮೂಲೆಯಲ್ಲಿಟ್ಟ ಉಳಿದ ಚೀಲದಿಂದ ಒಳ್ಳೆಯ ಕಾಳು ಸೇರಿಸಿದೆ. ಬಜೆ ಬೇರು ಜಜ್ಜಿ, ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ಡಬ್ಬಕ್ಕೊಂದು ತಳದಲ್ಲಿ ಇಟ್ಟೆ. ವಾಸನೆ ತಿಳಿಯುವುದಿಲ್ಲ. ಗೋದಾಮೆಲ್ಲ ಅದೇ ವಾಸನೆ ತಾನೆ.

ತಪ್ಪೇನಿದೆ? ಪರೀಕ್ಷೆ ಇರುವುದು ಬಜೆಗೆ, ಬೇವಿಗೆ. ಅವೆರಡೂ ಹಲಗೆಯ ಮೇಲೆ ಹಾಗೇ ಇವೆ, ಬೆರಳು ತಾಗಿಸಿಲ್ಲ. ಕೆಂಪಿಗೆ ಮದ್ದೂ ಇಲ್ಲ, ಪರೀಕ್ಷೆಯೂ ಇಲ್ಲ. ಸುಮ್ಮನೆ ಇಟ್ಟದ್ದು. ಎಂಟು ಕೆ.ಜಿ. ಕಾಳು ಉಳಿಯಿತು, ಅಷ್ಟೆ.

ಸೊಂಟ ನೋಯುತ್ತಿದೆ. ಆದರೂ ನಿಜ ಹೇಳಬೇಕೆಂದರೆ, ಅಂಗಡಿ ಮುಚ್ಚಿದ ಮೇಲೆ ಇಷ್ಟು ಸಂತೋಷದ ದಿನ ಇನ್ನೊಂದು ಬಂದಿರಲಿಲ್ಲ. ಮೊರ ಹಿಡಿದ ಕೂಡಲೇ ಕೈಗೆ ಎಲ್ಲ ನೆನಪಾಯಿತು.

ಫೆಬ್ರವರಿ 23

ಹೆಂಡತಿ ನನ್ನ ಅಂಗಿ ಒಗೆಯಲು ತೆಗೆದವಳು ಮೂಸಿ ನೋಡಿದಳು.

"ಬಜೆ ಜಜ್ಜಿದ್ರಾ?"

"ಗೋದಾಮಿಗೆ ಹೋಗಿದ್ನಲ್ಲ. ಹತ್ತಿರುತ್ತೆ."

"ಜೇಬೊಳಗೂ ಹತ್ತುತ್ತಾ?"

ಪೇಪರ್ ಎತ್ತಿಕೊಂಡೆ. ನಲವತ್ತು ವರ್ಷ ಒಟ್ಟಿಗೆ ಬದುಕಿದ್ದರ ಫಲ ಇದು, ಜೇಬೂ ನಮ್ಮದಲ್ಲ.

ಮಾರ್ಚ್ 5, ಮಧ್ಯಾಹ್ನ 3

ನಲವತ್ತೈದನೇ ದಿನದ ಎಣಿಕೆ. ಸೊಸೆ ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಒಂದೊಂದು ಡಬ್ಬದ ಮೇಲಿನಿಂದ ನೂರು ಕಾಳು ತೆಗೆದು, ಬಿಳಿ ತಟ್ಟೆಗೆ ಹಾಕಿ, ತೂತು ಬಿದ್ದವನ್ನು ಎಣಿಸಿದಳು. ನಾನು ಬರೆದುಕೊಂಡೆ.

ಹಸಿರು: ಸೊನ್ನೆ, ಒಂದು, ಸೊನ್ನೆ, ಸೊನ್ನೆ... ಹಳದಿ: ಒಂದು, ಎರಡು, ಒಂದು... ಅವಳ ಮುಖ ಅರಳುತ್ತಿತ್ತು. ನನಗೂ ಖುಷಿ. ಆಮೇಲೆ ಕೆಂಪು.

ಒಂದು. ಸೊನ್ನೆ. ಒಂದು.

ನಾಲ್ಕನೆಯದಕ್ಕೆ ಕೈ ನಿಲ್ಲಿಸಿದಳು. ಮೊದಲನೆಯದನ್ನು ಮತ್ತೆ ಎಣಿಸಿದಳು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ. ಎಂಟೂ ಮುಗಿದಾಗ ನೆಲದ ಮೇಲೇ ಕೂತುಬಿಟ್ಟಳು.

"ಏನಾಯ್ತಮ್ಮ? ಎಲ್ಲಾ ಚೆನ್ನಾಗೇ ಇದೆಯಲ್ಲ?"

"ಅದೇ ಮಾವ ಆಗಿರೋದು. ಎಲ್ಲಾ ಚೆನ್ನಾಗಿದೆ." ಧ್ವನಿ ಸಣ್ಣಗಿತ್ತು. "ಏನೂ ಹಾಕ್ದೆ ಇರೋದೂ ಚೆನ್ನಾಗಿದ್ರೆ, ಬಜೆ ಹಾಕಿ ಏನು ಉಪಯೋಗ ಆಯ್ತು? ಸಾಹೇಬ್ರು ಮೊದಲನೇ ಪ್ರಶ್ನೆ ಇದನ್ನೇ ಕೇಳ್ತಾರೆ. ನಾನು ಏನು ಹೇಳ್ಲಿ?"

ಅಷ್ಟು ಹೊತ್ತಿಗೆ ನನ್ನ ತಲೆಗೆ ಹೋಯಿತು. ಮೂವತ್ತೆಂಟು ವರ್ಷ ವ್ಯಾಪಾರ ಮಾಡಿದ ತಲೆ! ತಕ್ಕಡಿಯ ಒಂದು ತಟ್ಟೆ ಕಿತ್ತಿಟ್ಟು ತೂಕ ಹಾಕು ಎಂದಿದ್ದೇನೆ ಅವಳಿಗೆ.

ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. "ಚಹಾ ಕುಡೀತೀಯಾ?" ಎಂದೆ.

ಮಾರ್ಚ್ 6

ಮೂವತ್ತು ಡಿಗ್ರಿ. ಹೇಳಲಿಲ್ಲ.

ಮಾರ್ಚ್ 7

ಮೂವತ್ತು. ಸೊಸೆ ಹಳೆಯ ಪುಸ್ತಕಗಳನ್ನೆಲ್ಲ ಹರಡಿಕೊಂಡು ಕೂತಿದ್ದಾಳೆ. ತಾನು ಬಿಟ್ಟ ಹುಳವೇ ಬಡಕಲಿದ್ದವೋ, ಕಾಳಿನ ತೇವ ಕಡಿಮೆಯಾಯಿತೋ ಎಂದು ಮಗನ ಹತ್ತಿರ ಹೇಳುತ್ತಿದ್ದಳು. ಕೊನೆಗೆ, "ನನ್ನ ಕೈಗುಣವೇ ಸರಿಯಿಲ್ವೇನೋ," ಎಂದಳು. ಗೋಡೆ ಈಚೆ ಕೂತು ಕೇಳಿಸಿಕೊಂಡೆ. ಭೂಮಿ ಬಾಯಿ ಬಿಡಬಾರದೇ ಅನಿಸಿತು.

ತಳದ ಗಂಟುಗಳನ್ನು ತೆಗೆದುಬಿಟ್ಟೆ. ಅದರಿಂದೇನು, ಹುಳಗಳಂತೂ ಸತ್ತಾಗಿದೆ.

ಮಾರ್ಚ್ 10, ಬೆಳಿಗ್ಗೆ 11

ಒಂದು ಉಪಾಯ ಹೊಳೆದಿದೆ. ಹುಳ ತೆಗೆದವನು ನಾನು, ಹುಳ ಹಾಕಬೇಕಾದವನೂ ನಾನೇ. ಇನ್ನೂ ನಲವತ್ತು ದಿನ ಇದೆ. ಹುಷಾರಾಗಿ ಹಾಕಿದರೆ ಯಾರಿಗೆ ತಿಳಿಯುತ್ತದೆ?

ಹುಳ ಬೇಕೆಂದರೆ ಒಂದೂ ಸಿಗುವುದಿಲ್ಲ! ಅಡುಗೆಮನೆ ಡಬ್ಬಗಳನ್ನೆಲ್ಲ ಜಾಲಾಡಿದೆ. ನಮ್ಮವಳು ಮನೆ ನಡೆಸುವ ರೀತಿಗೆ ಅಲ್ಲಿ ಹುಳ ಎಲ್ಲಿಂದ ಬರಬೇಕು. ಕೊನೆಗೆ ಮೂಲೆ ಅಂಗಡಿಯವನ ಬಳಿ ಹೋದೆ. ನನ್ನ ಅಂಗಡಿ ಇದ್ದಾಗ ಇಪ್ಪತ್ತು ವರ್ಷ ಪೈಪೋಟಿ ಮಾಡಿದವನು. ಅವನ ಬೇಳೆಯಲ್ಲಿ ಕಲ್ಲು, ಕಾಳಿನಲ್ಲಿ ಹುಳ ಎಂದು ಬೀದಿಗೆಲ್ಲ ಹೇಳಿಕೊಂಡು ತಿರುಗಿದವನು ನಾನು.

"ನುಸಿ ಹಿಡಿದ ಅಲಸಂದೆ ಇದ್ರೆ ಒಂದು ಕಾಲು ಕೆ.ಜಿ. ಕೊಡಪ್ಪ."

ಕಿವಿ ಸರಿಯಾಗಿ ಕೇಳಿಸಲಿಲ್ಲ ಎಂಬ ಹಾಗೆ ನೋಡಿದ. "ಹಿಡಿದಿರೋದಾ? ಹಿಡೀದೆ ಇರೋದಾ?"

"ಹಿಡಿದಿರೋದು."

"ಏನ್ ಯಜಮಾನ್ರೇ, ನನ್ನ ಮೇಲೆ ಕಂಪ್ಲೇಂಟ್ ಕೊಡ್ತೀರಾ?"

"ಇಲ್ಲಪ್ಪ. ಬೇಕಾಗಿದೆ."

ಒಳಗೆ ಹೋಗಿ ಹತ್ತು ನಿಮಿಷ ಹುಡುಕಿದ. ಬರಿಗೈಯಲ್ಲಿ ವಾಪಸ್ ಬಂದ. "ಕ್ಷಮಿಸಿ, ಈ ಸಲ ಮಾಲು ಚೆನ್ನಾಗಿ ಬಂದಿದೆ," ಎಂದ. ಅವನ ಜೀವಮಾನದಲ್ಲಿ ನನಗೆ ಇದಕ್ಕಿಂತ ದೊಡ್ಡ ಏಟು ಕೊಟ್ಟಿರಲಿಲ್ಲ. ಸಂತೆಯ ಹಿಂದಿನ ಕಸದ ಗುಡ್ಡೆಯಲ್ಲಿ ಕೊನೆಗೂ ಸಿಕ್ಕಿತು, ಯಾರೋ ಬಿಸಾಡಿದ ಕಾಳು, ಹುಳ ಗಿಜಿಗಿಜಿ. ಪೇಪರಿನಲ್ಲಿ ಕಟ್ಟಿ ತಂದಿದ್ದೇನೆ.

ಅದೇ ದಿನ, ಸಂಜೆ

ಪೊಟ್ಟಣ ಬಿಚ್ಚಿಕೊಂಡು ಕೆಂಪು ಹಲಗೆ ಮುಂದೆ ನಿಂತಿದ್ದೆ. ಹಿಂದಿನಿಂದ ಹೆಂಡತಿ.

"ಏನ್ರೀ ಅದು?"

ಹೇಳಿದೆ. ಎಲ್ಲವನ್ನೂ. ತಾರಸಿ, ಮೊರ, ಗಂಟು, ಕಸದ ಗುಡ್ಡೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮೊದಲು ನಗು ಬಂತು ಅವಳಿಗೆ, ತಡೆಯಲಾರದೆ ನಕ್ಕಳು. ಆಮೇಲೆ ನಗು ನಿಂತಿತು.

"ಅಲ್ರೀ, ಆ ಹುಡುಗಿ ರಾತ್ರಿಯೆಲ್ಲ ಮಗ್ಗುಲು ಬದಲಾಯಿಸ್ತಾ ಬಿದ್ದಿರ್ತಾಳಂತೆ. ನೀವು ಇಲ್ಲಿ ಹುಳ ಸಾಕ್ತಾ ಇದ್ದೀರಾ?"

"ಸರಿ ಮಾಡ್ತಿದೀನಿ ಕಣೇ."

"ಇದು ಸರಿ ಮಾಡೋದಾ? ನಾಳೆ ಇದನ್ನ ನಂಬ್ಕೊಂಡು ಅವಳು ವರದಿ ಬರೀತಾಳೆ. ಅದೂ ಸುಳ್ಳಾಗತ್ತೆ. ನಿಮ್ಮ ತಕ್ಕಡೀಲಿ ಯಾವತ್ತಾದ್ರೂ ಹೀಗೆ ಮಾಡಿದ್ರಾ?"

ಮಾತು ನೇರವಾಗಿ ನಾಟಿತು. ಪೊಟ್ಟಣ ಒಲೆಗೆ ಹಾಕಿದಳು. "ಹೇಳಿ ಅವಳಿಗೆ. ನಾನು ಹೇಳಲ್ಲ. ನೀವೇ ಹೇಳ್ಬೇಕು," ಎಂದಳು.

ಹೇಗೆ ಹೇಳುವುದು? ಸೊಸೆಯ ಮುಂದೆ ಮಾವ ಕ್ಷಮಿಸು ಅನ್ನುವುದು... ನನ್ನ ಅಪ್ಪ ಯಾರಿಗೂ ಹಾಗೆ ಹೇಳಿದ್ದು ಕೇಳಿಲ್ಲ. ನಾನೂ ಹೇಳಿಲ್ಲ, ಹೆಂಡತಿಗೂ ಹೇಳಿಲ್ಲ. ಅಭ್ಯಾಸವಿಲ್ಲ.

ಮಾರ್ಚ್ 12, ಬೆಳಿಗ್ಗೆ 9

ಹೇಳಿದೆ.

ಅವಳು ಡ್ಯೂಟಿಗೆ ಹೊರಡುವ ಮುಂಚೆ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಎದುರು ಹೋಗಿ ನಿಂತೆ. ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಮಾತೆಲ್ಲ ಮರೆತೇ ಹೋಯಿತು. "ಕೆಂಪು ಡಬ್ಬ ನಾನು ಮುಟ್ಟಿದೆ ಕಣಮ್ಮ," ಎಂದೆ. ಅಷ್ಟೇ ಬಂದದ್ದು.

ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿದಳು. "ಮುಟ್ಟಿದ್ರಿ ಅಂದ್ರೆ?"

ಉಳಿದದ್ದನ್ನು ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಬ್ಯಾಗಿನಿಂದ ಪುಸ್ತಕ, ಪೆನ್ನು ತೆಗೆದಳು.

"ಯಾವತ್ತು?"

"ಇಪ್ಪತ್ತೆರಡು. ಫೆಬ್ರವರಿ."

"ಎಷ್ಟು ಹೊತ್ತು ಬಿಸಿಲು?"

"ಒಂಬತ್ತರಿಂದ ನಾಲ್ಕು."

"ಗಂಟಲ್ಲಿ ಎಷ್ಟು ಬಜೆ?"

"ಒಂದು ಹಿಡಿ... ಸಣ್ಣ ಹಿಡಿ."

ಬರೆಯುತ್ತ ಬರೆಯುತ್ತ ಪೆನ್ನು ನಿಂತಿತು. ಕಣ್ಣಲ್ಲಿ ನೀರು. "ಮಾವ, ಒಂದು ವಾರದಿಂದ ನಾನು ಓದಿದ್ದೇ ಸುಳ್ಳೇನೋ ಅಂದ್ಕೊಂಡಿದ್ದೆ. ಹೇಳ್ಬಾರ್ದಿತ್ತಾ ನೀವು? ಐದನೇ ತಾರೀಕೇ?"

"ಹೇಳ್ಬೇಕಿತ್ತು."

"ಯಾಕ್ ಮಾಡಿದ್ರಿ?"

"ನೋಡೋಕಾಗ್ಲಿಲ್ಲ. ಒಳ್ಳೇ ಕಾಳು. ತಿಂತಾ ಇತ್ತು. ಸುಮ್ನೆ ನಿಂತ್ಕೊಂಡು ನೋಡೋದು ನನ್ನ ಕೈಲಿ ಆಗ್ಲಿಲ್ಲಮ್ಮ. ತಪ್ಪಾಯ್ತು. ಕ್ಷಮಿಸ್ಬಿಡು."

ಬಂದೇಬಿಟ್ಟಿತು ಬಾಯಿಗೆ. ಅವಳು ಅರ್ಧ ಇಸ್ತ್ರಿಯಾದ ಬಟ್ಟೆಯನ್ನೇ ಉಟ್ಟುಕೊಂಡು ಹೋದಳು.

ಮಾರ್ಚ್ 13

ಮೂವತ್ತೊಂದು. ಮಾತಿಲ್ಲ. ಚಹಾ ಕೊಟ್ಟಳು. ಲೋಟ ಇಟ್ಟು ಹೋದಳು.

ಮಾರ್ಚ್ 15

ಮಾತಿಲ್ಲ. ಮಗನಿಗೂ ವಿಷಯ ಗೊತ್ತಾಗಿದೆ. "ಅಪ್ಪಾ, ಏನಪ್ಪಾ ನೀನು..." ಎಂದು ಶುರುಮಾಡಿ ಅಲ್ಲಿಗೇ ಬಿಟ್ಟ. ಇವತ್ತೂ ಸೊಸೆ ಲೋಟ ಇಟ್ಟು ಹೋದಳು. ಮೊದಲೆಲ್ಲ ಚಹಾ ಕೊಟ್ಟು ಎರಡು ನಿಮಿಷ ಕೂರುತ್ತಿದ್ದಳು.

ಮಾರ್ಚ್ 17, ಸಂಜೆ 7

ಡೈರೆಕ್ಟರ್ ಬಳಿ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿಬಂದಳಂತೆ. ಅವರು ನಂಬಲಿಲ್ಲ. "ಫಲಿತಾಂಶ ಬರ್ಲಿಲ್ಲ ಅಂತ ಪಾಪ ಮಾವನ ಮೇಲೆ ಹಾಕ್ತೀರೇನಮ್ಮ?" ಎಂದರಂತೆ. ಕೇಳಿ ಮೈ ಉರಿಯಿತು. ನನ್ನ ತಪ್ಪಿಗೆ ಅವಳು ಸುಳ್ಳುಗಾತಿ ಅನ್ನಿಸಿಕೊಂಡಳು.

"ನಾನು ಬರ್ತೀನಿ. ನಾನೇ ಹೇಳ್ತೀನಿ ಅವ್ರಿಗೆ," ಎಂದೆ.

"ಬೇಡ ಮಾವ. ಇನ್ನೊಂದು ಸಲ ಮೊದಲಿಂದ ಮಾಡೋಕೆ ಒಪ್ಪಿದ್ದಾರೆ. ಇಪ್ಪತ್ತನೇ ತಾರೀಕು ಶುರು ಮಾಡಿದ್ರೆ ಜೂನ್ ಹದಿನೆಂಟಕ್ಕೆ ತೊಂಬತ್ತು ದಿನ. ಜೂನ್ ಇಪ್ಪತ್ತಕ್ಕೆ ವರದಿ ಅವ್ರ ಮೇಜಿನ ಮೇಲೆ ಇರ್ಬೇಕು. ಇದೇ ಕೊನೇದು. ಈ ಸಲ ತಪ್ಪಿದ್ರೆ ನನ್ನ ಕೆಲಸ ಹೋದ ಹಾಗೆ."

"ಡಬ್ಬ ಎಲ್ಲಿಡ್ತೀಯ?"

"ಇಲ್ಲೇ."

ನನಗೆ ಅರ್ಥವಾಗಲಿಲ್ಲ. ಮುಖ ನೋಡಿದೆ.

"ಹುಳ ಬಂದಿದ್ದು ಮೊದಲು ನೋಡಿದೋರು ನೀವು. ಯಾವ ಡಬ್ಬದಲ್ಲಿ ಎಷ್ಟು ಅಂತ ನನಗಿಂತ ಚೆನ್ನಾಗಿ ಹೇಳ್ತೀರಿ. ಈ ಸಲ ಕೆಂಪು ಡಬ್ಬ ಎಣಿಸೋದೂ ನೀವೇ, ವಾರಕ್ಕೊಂದು ಸಲ. ಬರೀ ಎಣಿಸೋದು ಮಾವ."

ಹೂಂ ಎಂದೆ. ಎರಡು ನಿಮಿಷ ಕೂತಿದ್ದು ಹೋದಳು.

ಮಾರ್ಚ್ 20

ಹೊಸ ಕಾಳು, ಹೊಸ ಚೀಟಿ. ಕುಂಚ ಹಿಡಿದು ಹುಳ ಬಿಟ್ಟಳು. ಕೆಂಪು ಎಂಟಕ್ಕೆ ಬಿಡುವಾಗ ಡಬ್ಬ ಹಿಡಿದುಕೊಂಡವನು ನಾನು. ಹೆಂಡತಿ ಬಾಗಿಲಲ್ಲಿ ನಿಂತು, "ಇನ್ಮೇಲೆ ಒಳಗೆ ಹೋದ್ರೆ ಕೈ ಹಿಂದೆ ಕಟ್ಕೊಂಡೇ ಹೋಗ್ಬೇಕು ನೀವು," ಎಂದಳು. ಎಲ್ಲರೂ ನಕ್ಕರು. ನಾನೂ.

ಏಪ್ರಿಲ್ 19

ಮೂವತ್ತೆರಡು ಡಿಗ್ರಿ. ಮೂವತ್ತು ದಿನ ಆಯಿತು. ಕೆಂಪು ಒಂದರಲ್ಲಿ ಎರಡು ಹುಳ. ಎರಡರಲ್ಲಿ ಒಂದು. ಬೇರೆಯವುಗಳಲ್ಲಿ ಇಲ್ಲ.

ಕಳೆದ ಸಲ ಇಷ್ಟು ಹೊತ್ತಿಗೆ ಇದಕ್ಕಿಂತ ಎಷ್ಟೋ ಹೆಚ್ಚು ಹರಿದಾಡುತ್ತಿದ್ದವು. ಏನಾಯಿತು ಇವಕ್ಕೆ? ಈ ಗೋದಾಮಿನ ನೆಲಕ್ಕೆ, ಗೋಡೆಗೆ ಮೂವತ್ತೆಂಟು ವರ್ಷದ ಬಜೆ ಇಳಿದಿದೆ. ಅದರ ಘಾಟಿಗೇ ಸತ್ತರೆ? ಇಡೀ ಜನ್ಮ ಹುಳವೇ ಬರಬಾರದು ಎಂದು ಮಾಡಿದ್ದು ಈಗ ಸೊಸೆಯ ಕೊರಳಿಗೆ ಬಂತಲ್ಲ. ಸೊಸೆಗೆ ಅಂಕಿ ತೋರಿಸಿದೆ. ತುಟಿ ಕಚ್ಚಿಕೊಂಡಳು. "ಕಾಯೋಣ ಮಾವ," ಎಂದಳು.

ಏಪ್ರಿಲ್ 22

ಇವತ್ತು ಎಣಿಸುವ ದಿನವಲ್ಲ. ಆದರೂ ಹೋದೆ. ಕೈ ಹಿಂದೆ ಕಟ್ಟಿಕೊಂಡೇ. ಬಾಗಿ, ಬಟ್ಟೆಯ ಹತ್ತಿರ ಬಾಯಿಟ್ಟು ಹೇಳಿದೆ, "ತಿನ್ರಪ್ಪಾ, ಮಹರಾಯರೇ, ತಿನ್ನಿ. ನಿಮ್ಮ ಕಾಲಿಗೆ ಬೀಳ್ತೀನಿ." ಟೈಲರ್ ನೂಲು ಕೇಳಲು ಒಳಗೆ ಬಂದಿದ್ದ. ಕೇಳಿಸಿಕೊಂಡನೇನೋ. ನೂಲೂ ಕೇಳದೆ ಹಿಂದಕ್ಕೆ ಹೋದ.

ಏಪ್ರಿಲ್ 26

ಬಂದವು! ಎಂಟರಲ್ಲೂ. ಕೆಂಪು ಐದರಲ್ಲಿ ನಲವತ್ತು ದಾಟಿವೆ. ಸುಮ್ಮನೆ ತಡವಾಗಿ ಬಂದವು, ಅಷ್ಟೇ. ಸೊಸೆಗೆ ಆಫೀಸಿಗೇ ಫೋನ್ ಮಾಡಿದೆ.

ಮೇ 24

ನೋಡಲಾಗುವುದಿಲ್ಲ. ಕಾಳಿನ ಮೇಲೆ ಹುಳ ಪದರ ಕಟ್ಟಿದೆ. ಡಬ್ಬ ಅಲ್ಲಾಡಿಸಿದರೆ ಕಾಳಿನ ಸದ್ದೇ ಬೇರೆ, ಟೊಳ್ಳು ಟೊಳ್ಳು. ಎಣಿಸಿದೆ, ಬರೆದೆ, ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಟೈಲರ್ ಬಟ್ಟೆಯ ಮೇಲೆ ಮತ್ತೆ ಹುಳ ಹೋಗಿತ್ತು. "ನಿಮ್ಮದು," ಎಂದ. "ಹೌದಪ್ಪ, ನಮ್ಮದೇ," ಎಂದೆ.

ಜೂನ್ 18, ಸಂಜೆ 5

ತೊಂಬತ್ತನೇ ದಿನ.

ಸೊಸೆ ಹಸಿರು, ಹಳದಿ ಮೊದಲು ಎಣಿಸಿದಳು. ನೂರಕ್ಕೆ ಹಸಿರಿನಲ್ಲಿ ಸರಾಸರಿ ಎರಡು ತೂತು. ಹಳದಿಯಲ್ಲಿ ಐದು. ಆಮೇಲೆ ನನ್ನ ಕಡೆ ನೋಡಿದಳು. ಕೆಂಪು ಒಂದರ ಬಟ್ಟೆ ಬಿಚ್ಚಿ ತಟ್ಟೆಗೆ ಸುರಿದೆ. ಕಾಳೆಂಬುದು ಹೆಸರಿಗೆ. ಹಿಟ್ಟು, ಸಿಪ್ಪೆ, ಸತ್ತ ಹುಳ. ಒಂದೊಂದು ಕಾಳಿಗೆ ಮೂರು ಮೂರು ತೂತು. ನೂರರಲ್ಲಿ ತೊಂಬತ್ತಾರು ಹಾಳು. ಎರಡನೆಯದು ತೊಂಬತ್ತೊಂಬತ್ತು. ಮೂರನೆಯದರಲ್ಲಿ ಒಳ್ಳೆಯ ಕಾಳು ಒಂದೂ ಇಲ್ಲ. ಎಣಿಸುತ್ತ ಎಣಿಸುತ್ತ ನನ್ನ ಧ್ವನಿ ಏರುತ್ತಿತ್ತು, ನನಗೇ ತಿಳಿಯಲಿಲ್ಲ.

ಎಂಟನೆಯದು ಸುರಿದಾಗ ಮಗ ಕೆಲಸ ಮುಗಿಸಿ ಬಂದ. ನಮ್ಮ ಕೂಗಾಟ ಕೇಳಿ ಗಾಬರಿಯಾಗಿ, "ಏನಾಯ್ತಪ್ಪಾ?" ಎಂದ.

"ಹಾಳಾಯ್ತು ಕಣೋ! ಎಂಟೂ ಹಾಳಾಯ್ತು! ಒಂದು ಕಾಳು ಉಳಿದಿಲ್ಲ!"

ನಾನೇ ಹಾಗೆ ಕೂಗಿದ್ದು. ತಟ್ಟೆ ಎತ್ತಿ ಅವನ ಮುಖಕ್ಕೆ ಹಿಡಿದೆ. ಅಷ್ಟರಲ್ಲಿ ಕಣ್ಣು ಮಂಜಾಗಿ ತಟ್ಟೆ ಕಾಣಿಸದೆ ಹೋಯಿತು. ಸೊಸೆ ನಗುತ್ತ ಅಳುತ್ತ ನನ್ನ ಎರಡೂ ಕೈ ಹಿಡಿದುಕೊಂಡಳು. ಕೈಯ ತುಂಬ ಆ ಹಿಟ್ಟು. "ಬಜೆ ಗೆಲ್ತು ಮಾವ," ಎಂದಳು.

ಈಗ ಒಳಗೆ ವರದಿ ಬರೆಯುತ್ತಿದ್ದಾಳೆ. ಮೊದಲ ಪರೀಕ್ಷೆ ಏಕೆ ಕೆಟ್ಟಿತು ಎಂದೂ ಬರೆಯಬೇಕಂತೆ. "ಮನೆಯವರೊಬ್ಬರ ಅಚಾತುರ್ಯದಿಂದ" ಎಂದು ಹಾಕಿದ್ದಳು. ಹೊಡೆದು ಹಾಕು, ನನ್ನ ಹೆಸರೇ ಬರಿ, ಏನು ಮಾಡಿದೆ ಅನ್ನುವುದನ್ನೂ ಪೂರ್ತಿ ಬರಿ, ಕೆಳಗೆ ಸಹಿ ಹಾಕಿಕೊಡುತ್ತೇನೆ ಎಂದೆ. ಅವಳ ಸಾಹೇಬರು ಈ ಸಲವಾದರೂ ನಂಬಲಿ. ಬೇಡ ಮಾವ ಎಂದಳು. ಬೇಕು ಎಂದೆ. ಆ ಸಾಲು ಹೊಡೆದು ಹಾಕಿ ಬರೆಯತೊಡಗಿದಳು.

ಕರೆಯುತ್ತಿದ್ದಾಳೆ. ಸಹಿಗೆ ಇರಬೇಕು. ಕೈ ಇನ್ನೂ ತೊಳೆದಿಲ್ಲ, ಹಾಳೆಗೆ ಆ ಹಿಟ್ಟು ಮೆತ್ತಿದರೆ... ಇರಲಿ, ಮೆತ್ತಲಿ, ಸಾಹೇಬರೂ ಒಂದಿಷ್ಟು ಮುಟ್ಟಿ ನೋಡಲಿ.